ರಿಪೋರ್ಟಿನಲ್ಲಿ ಕೆಂಪು ರಕ್ತಕಣ ಜಾಸ್ತಿ ಬಂದಿದೆಯಾ? ಮತ್ತೆ ಪರೀಕ್ಷೆಗೆ ರಕ್ತ ಕೊಡುವ ಮೊದಲು ಇದನ್ನು ಓದಿ

ಏಪ್ರಿಲ್ ಬಂದರೆ ಸಾಕು, ನಮ್ಮ ಲ್ಯಾಬಿನ ಕೌಂಟರಿಗೆ ಒಂದೇ ಪ್ರಶ್ನೆ ಬರುತ್ತದೆ. ‘ರಕ್ತ ಜಾಸ್ತಿ ಐತಂತ್ರೀ, ಏನ್ ಮಾಡ್ಬೇಕು?’ ಕೈಯಲ್ಲಿ ಎರಡೋ ಮೂರೋ ರಿಪೋರ್ಟು. ಎಲ್ಲದರಲ್ಲೂ ಹಿಮೋಗ್ಲೋಬಿನ್ 17ರ ಮೇಲೆ. ಕೇಳಿದರೆ ಮೂರನ್ನೂ ಒಂದೇ ರೀತಿ ಮಾಡಿಸಿರುತ್ತಾರೆ. ರಾತ್ರಿ ಊಟದ ಮೇಲೆ ನೀರು ಮುಟ್ಟಿಲ್ಲ. ಬೆಳಿಗ್ಗೆ ಸಿರುಗುಪ್ಪದಿಂದಲೋ ಕಂಪ್ಲಿಯಿಂದಲೋ ಬಸ್ಸಿನಲ್ಲಿ ನಿಂತು ಬಂದು, ಸಾಲಿನಲ್ಲಿ ಇನ್ನೊಂದು ಗಂಟೆ ನಿಂತು ರಕ್ತ ಕೊಟ್ಟಿದ್ದಾರೆ. ಹೀಗೆ ಮಾಡಿಸಿದರೆ ಮೂರಲ್ಲ, ಹತ್ತು ಸಲ ಮಾಡಿಸಿದರೂ ಅದೇ ನಂಬರ್ ಬರುತ್ತದೆ.

ರಕ್ತದಲ್ಲಿ ಸುಮಾರು ಅರ್ಧ ಕಣಗಳು, ಉಳಿದದ್ದು ನೀರಿನಂಥ ಪ್ಲಾಸ್ಮಾ. ಮೈಯಲ್ಲಿ ಒಟ್ಟು ಎಷ್ಟು ಕಣ ಇವೆ ಎಂದು ಮಷೀನಿಗೆ ಗೊತ್ತಾಗುವುದಿಲ್ಲ. ಕೊಟ್ಟ ಹನಿಯಲ್ಲಿ ಎಷ್ಟಿವೆ ಎಂದಷ್ಟೇ ಅದು ಹೇಳುತ್ತದೆ. ಬೇಳೆ ಸಾರನ್ನು ಒಲೆ ಮೇಲೆ ಮರೆತರೆ ಗಟ್ಟಿಯಾಗುತ್ತದೆ. ಯಾರೂ ಬೇಳೆ ಹಾಕಿಲ್ಲ, ನೀರು ಇಂಗಿದೆ ಅಷ್ಟೇ. ರಕ್ತವೂ ಹಾಗೆಯೇ. ಪ್ಲಾಸ್ಮಾ ಇಳಿದು ಕಣ ಜಾಸ್ತಿ ಇದ್ದಂತೆ ಕಂಡರೆ ಡಾಕ್ಟರುಗಳು ಅದನ್ನು ಅಪರೆಂಟ್ ಅಥವಾ ರಿಲೇಟಿವ್ ಪಾಲಿಸೈಥೀಮಿಯಾ ಎನ್ನುತ್ತಾರೆ. ನಿಜವಾಗಿ ಕಣ ಹೆಚ್ಚುವ ಕಾಯಿಲೆಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡುವ ಕ್ರಮ ಕೆಳಗಿದೆ.

ಒಂದು ಮಾತು. ನಾನು ಡಾಕ್ಟರಲ್ಲ, ಬಳ್ಳಾರಿಯಲ್ಲಿ ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್. ಮಾತ್ರೆ, ಚಿಕಿತ್ಸೆ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ. ಸ್ಯಾಂಪಲ್ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಹಳೇ ರಿಪೋರ್ಟುಗಳು, ಇದ್ದಷ್ಟೂ. ಎರಡು ವರ್ಷದ ಹಿಂದೆ ಕಂಪನಿಯ ಮೆಡಿಕಲ್ ಚೆಕಪ್‌ನಲ್ಲಿ ಮಾಡಿದ್ದೂ ಆಗುತ್ತದೆ. ಆಗಲೂ ಇಷ್ಟೇ ಇತ್ತಾ, ಈಗ ಏರಿದೆಯಾ ಎನ್ನುವುದು ಡಾಕ್ಟರಿಗೆ ಬೇಕಾದ ಮೊದಲ ಸುಳಿವು.

ನೀವು ನುಂಗುವ ಎಲ್ಲಾ ಮಾತ್ರೆಗಳ ಖಾಲಿ ಪಟ್ಟಿಗಳು (ಸ್ಟ್ರಿಪ್). ಬಿಪಿಯದು, ಶುಗರಿನದು, ಜಿಮ್ಮಿನಲ್ಲಿ ಯಾರೋ ಕೊಟ್ಟದ್ದು, ಎಲ್ಲ. ‘ಬಿಳೀ ಗುಳಿಗೆ’ ಎಂದು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಲೀಟರಿನ ಬಾಟಲಿ, ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ನು. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಸೆಲ್ ಬದಲಿಸಿ ಇಟ್ಟುಕೊಳ್ಳಿ.

## ಹಂತ 1: ಕಾಯಬಾರದ ಲಕ್ಷಣ ಇದೆಯಾ ನೋಡಿ

ಮಾತು ತೊದಲುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಸಿಗದಂತಾಗುವುದು, ಒಂದು ಕಣ್ಣು ಮಂಜಾಗುವುದು, ಒಂದೇ ಮೀನಖಂಡ ಊದಿಕೊಂಡು ನೋಯುವುದು. ಇವುಗಳಲ್ಲಿ ಒಂದಿದ್ದರೂ ಈ ಲೇಖನ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ದಪ್ಪಗಾದ ರಕ್ತ ಹೆಪ್ಪುಗಟ್ಟಿದಾಗ ಹೀಗಾಗಬಹುದು.

ಜ್ವರ ಇದ್ದರೆ ಲೆಕ್ಕವೇ ಬೇರೆ. ಡೆಂಗಿಯಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಹೊರಗೆ ಸೋರುತ್ತದೆ. ಆಗ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು, ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ‘ಪ್ಲೇಟ್‌ಲೆಟ್ ಎಷ್ಟು’ ಎಂದು ಎಲ್ಲರೂ ಕೇಳುತ್ತಾರೆ, ಪಿಸಿವಿ ಎಷ್ಟೆಂದು ಯಾರೂ ಕೇಳುವುದಿಲ್ಲ. ಜ್ವರ ಬಿಟ್ಟಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ, ಅಂದರೆ ಮೂರರಿಂದ ಏಳನೇ ದಿನದ ನಡುವೆ, ಅಪಾಯ ಜಾಸ್ತಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ಆಸ್ಪತ್ರೆಗೆ ಸೇರಿಸಿ. ಆಸ್ಪಿರಿನ್, ಬ್ರೂಫೆನ್ ತರದ ನೋವಿನ ಮಾತ್ರೆ ಕೊಡಬೇಡಿ.

ಬಿಸಿಲಿನಲ್ಲಿ ಕೆಲಸ ಮಾಡುತ್ತಿದ್ದವರು ಗೊಂದಲವಾಗಿ ಮಾತಾಡಿದರೆ, ಮೈ ಕೆಂಡದಂತಿದ್ದರೆ, ಅದು ಬಿಸಿಲಿನ ಹೊಡೆತ. ನೆರಳಿಗೆ ತನ್ನಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108 ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಇವು ಯಾವುದೂ ಇಲ್ಲ, ಆದರೆ ಪಿಸಿವಿ ಗಂಡಸರಲ್ಲಿ 60, ಹೆಂಗಸರಲ್ಲಿ 56 ದಾಟಿದೆ ಎಂದಾದರೆ ಅದೇ ದಿನ ಡಾಕ್ಟರನ್ನು ನೋಡಿ. ಅಷ್ಟು ಮೇಲೆ ಹೋದರೆ ಬರೀ ನೀರಿನ ಕೊರತೆ ಎಂದು ಸುಮ್ಮನೆ ಕೂರುವ ಹಾಗಿಲ್ಲ.

## ಹಂತ 2: ರಿಪೋರ್ಟಿನ ನಾಲ್ಕು ಸಾಲು ಒಟ್ಟಿಗೆ ಓದಿ

ಜನ ಒಂದೇ ಸಾಲು ನೋಡಿ ಹೆದರುತ್ತಾರೆ. ದಪ್ಪ ಅಕ್ಷರದಲ್ಲಿ ‘ಹೈ’ ಎಂದಿರುವ ಸಾಲು. ನೀವು ನಾಲ್ಕು ಸಾಲು ಹುಡುಕಿ: ಹಿಮೋಗ್ಲೋಬಿನ್, ಪಿಸಿವಿ, ಆರ್‌ಬಿಸಿ ಕೌಂಟ್, ಎಂಸಿವಿ. ಪಿಸಿವಿ ಅಂದರೆ ನೂರು ಭಾಗ ರಕ್ತದಲ್ಲಿ ಕೆಂಪು ಕಣ ಎಷ್ಟು ಭಾಗ ಎಂಬ ಲೆಕ್ಕ. ಕೆಲವು ರಿಪೋರ್ಟಿನಲ್ಲಿ ಹಿಮಟೋಕ್ರಿಟ್ ಎಂದಿರುತ್ತದೆ, ಎರಡೂ ಒಂದೇ. ಆರ್‌ಬಿಸಿ ಕೌಂಟ್ ಅಂದರೆ ಕೆಂಪು ಕಣಗಳ ಎಣಿಕೆ, ಎಂಸಿವಿ ಅಂದರೆ ಒಂದು ಕಣದ ಸರಾಸರಿ ಗಾತ್ರ.

ಮೊದಲು ಒಂದು ಸಣ್ಣ ಗುಣಾಕಾರ. ಹಿಮೋಗ್ಲೋಬಿನ್ನನ್ನು 3ರಿಂದ ಗುಣಿಸಿ. ಕಣದ ಗಾತ್ರ ಸರಿಯಿದ್ದವರಲ್ಲಿ ಪಿಸಿವಿ ಅದರ ಆಸುಪಾಸಿನಲ್ಲಿರಬೇಕು. 16 ಇದ್ದರೆ 48ರ ಹತ್ತಿರ. ಹಿಮೋಗ್ಲೋಬಿನ್ 18 ಇದ್ದು ಪಿಸಿವಿ 46 ಎಂದಿದ್ದರೆ ಮೊದಲು ಸ್ಯಾಂಪಲ್ ಮೇಲೆ ಅನುಮಾನ ಪಡಿ. ರಕ್ತದಲ್ಲಿ ಕೊಬ್ಬು ತುಂಬಾ ಜಾಸ್ತಿ ಇದ್ದಾಗ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ ಮಷೀನು ಹಿಮೋಗ್ಲೋಬಿನ್ನನ್ನು ಹೆಚ್ಚು ತೋರಿಸುತ್ತದೆ.

ಈಗ ನಿಮ್ಮದು ಯಾವ ಗುಂಪು ನೋಡಿ.

ಮೂರೂ ಜಾಸ್ತಿ, ಎಂಸಿವಿ ಸರಿ ಇದೆ. ಹಿಮೋಗ್ಲೋಬಿನ್ ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದ್ದರೆ, ಅಥವಾ ಪಿಸಿವಿ ಗಂಡಸರಲ್ಲಿ 49, ಹೆಂಗಸರಲ್ಲಿ 48 ದಾಟಿದ್ದರೆ ವಿಚಾರಿಸಬೇಕಾದ ಮಟ್ಟ. ನೀವು ಹಂತ 3ಕ್ಕೆ ಹೋಗಿ.

ಆರ್‌ಬಿಸಿ ಕೌಂಟ್ ಮಾತ್ರ ಜಾಸ್ತಿ, ಹಿಮೋಗ್ಲೋಬಿನ್ ಸರಿ ಅಥವಾ ಕಡಿಮೆ, ಎಂಸಿವಿ 80ಕ್ಕಿಂತ ಕೆಳಗೆ. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಉದಾಹರಣೆಗೆ ಕೌಂಟ್ 5.9, ಹಿಮೋಗ್ಲೋಬಿನ್ 12, ಎಂಸಿವಿ 66. ಕಣ ಎಣಿಕೆಯಲ್ಲಿ ಜಾಸ್ತಿ, ಆದರೆ ಒಂದೊಂದೂ ಚಿಕ್ಕದು. ಜೋಳದ ಚೀಲಕ್ಕೂ ಸಾಸಿವೆ ಚೀಲಕ್ಕೂ ಇರುವ ವ್ಯತ್ಯಾಸ. ರಕ್ತ ದಪ್ಪಗಾಗಿಲ್ಲ, ನೀರು ಕುಡಿದರೆ ಇದು ಸರಿಹೋಗುವುದೂ ಇಲ್ಲ. ಎಂಸಿವಿಯನ್ನು ಕೌಂಟಿನಿಂದ ಭಾಗಿಸಿ. 66 ಭಾಗ 5.9 ಅಂದರೆ ಸುಮಾರು 11. ಇದು 13ಕ್ಕಿಂತ ಕಡಿಮೆ ಬಂದರೆ ತಲಸ್ಸೀಮಿಯಾ ಟ್ರೈಟ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ದೋಷ ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದಿರುವುದು) ಇರಬಹುದೆಂಬ ಅನುಮಾನ, ಜಾಸ್ತಿ ಬಂದರೆ ಕಬ್ಬಿಣದ ಕೊರತೆ ಕಡೆ ಅನುಮಾನ. ಅನುಮಾನ ಅಷ್ಟೇ. ಖಚಿತ ಮಾಡಲು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಬೇಕು. ಎ2 ಸಾಮಾನ್ಯವಾಗಿ 3.5ರ ಮೇಲಿದ್ದರೆ ಟ್ರೈಟ್.

ಟ್ರೈಟ್ ಇದ್ದವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತಲಸ್ಸೀಮಿಯಾ ಮೇಜರ್, ಅಂದರೆ ಆಗಾಗ ರಕ್ತ ಹಾಕಿಸಬೇಕಾದ ತೀವ್ರ ಕಾಯಿಲೆ, ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಇನ್ನೂ ನಿಂತಿಲ್ಲ. ಒಂದೇ ಮನೆತನದಲ್ಲಿ ಇಬ್ಬರಿಗೂ ಟ್ರೈಟ್ ಇರುವುದು ಸುಲಭ. ಹಾಗಾಗಿ ಮನೆಯಲ್ಲಿ ಮದುವೆ ಮಾತು ನಡೆಯುತ್ತಿದ್ದರೆ ಇದನ್ನು ಮುಂದೂಡಬೇಡಿ. ಈ ಗುಂಪಿನವರು ಇಲ್ಲಿಂದ ನೇರ ಡಾಕ್ಟರ್ ಬಳಿ ಹೋಗಿ. ಅಪರೂಪಕ್ಕೆ ನಿಜವಾದ ರಕ್ತದ ಕಾಯಿಲೆಯ ಜೊತೆ ಕಬ್ಬಿಣದ ಕೊರತೆಯೂ ಸೇರಿ ಇದೇ ತರದ ಚಿತ್ರ ಕೊಡುತ್ತದೆ. ಅದನ್ನು ಬಿಡಿಸುವುದು ಅವರ ಕೆಲಸ.

## ಹಂತ 3: ಪರೀಕ್ಷೆಯ ಹಿಂದಿನ 24 ಗಂಟೆ ಬರೆದುಕೊಳ್ಳಿ

ನೋಟ್‌ಬುಕ್ ತೆಗೆಯಿರಿ. ರಕ್ತ ಕೊಟ್ಟ ಹಿಂದಿನ ದಿನ ಏನು ಕೆಲಸ, ಎಷ್ಟು ಹೊತ್ತು ಬಿಸಿಲು ಅಥವಾ ಬೆಂಕಿಯ ಮುಂದೆ, ಎಷ್ಟು ನೀರು, ಬೇಧಿಯೋ ವಾಂತಿಯೋ ಆಗಿತ್ತಾ, ಎಷ್ಟು ಬೀಡಿ ಸಿಗರೇಟು, ಸಂಜೆ ಕುಡಿದಿದ್ದಿರಾ, ಬೆಳಿಗ್ಗೆ ಯಾವ ಮಾತ್ರೆ. ಸುಳ್ಳು ಬರೆಯಬೇಡಿ, ಇದನ್ನು ಹೆಂಡತಿಗೆ ತೋರಿಸಬೇಕಿಲ್ಲ.

ನಮ್ಮ ಭಾವನದೇ ಹೇಳುತ್ತೇನೆ. ಸಂಡೂರು ಕಡೆಯಿಂದ ತೋರಣಗಲ್ಲಿಗೆ ಅದಿರು ಲಾರಿ ಓಡಿಸುತ್ತಾರೆ. ಲೈಸೆನ್ಸ್ ಸಂಬಂಧದ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ 17.9, ಪಿಸಿವಿ 54 ಬಂತು. ಯಾರೋ ‘ರಕ್ತದ ಕ್ಯಾನ್ಸರ್ ಇರಬಹುದು’ ಎಂದರಂತೆ. ರಾತ್ರಿಯಿಡೀ ಅಕ್ಕನ ಫೋನು. ನಾನು ಈ ಲೆಕ್ಕ ಬರೆಸಿದೆ. ಇಡೀ ದಿನಕ್ಕೆ ಒಂದು ಬಾಟಲಿ ನೀರು. ಯಾಕೆ ಅಂದರೆ, ‘ಅನ್‌ಲೋಡಿಂಗ್ ಸಾಲಿನಲ್ಲಿ ಗಾಡಿ ಬಿಟ್ಟು ಇಳಿದ್ರೆ ನಂಬರ್ ಹೋಗ್ತದಲ್ಲೋ.’ ಮೂತ್ರಕ್ಕೆ ಇಳಿಯಬಾರದೆಂದು ನೀರೇ ಕುಡಿಯುತ್ತಿರಲಿಲ್ಲ. ಮೇಲೆ ದಿನಕ್ಕೆ ಒಂದು ಕಟ್ಟು ಬೀಡಿ. ಇಂಜಿನ್ ಬಿಸಿ ಬೇರೆ.

ಭಾವನ ಕಾರಣ ಬೇರೆ ಬೇರೆ ರೂಪದಲ್ಲಿ ಎಲ್ಲ ಕಡೆ ಸಿಗುತ್ತದೆ. ಸಿಂಧನೂರು, ಮಾನ್ವಿ ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಂಗಸರು ಹೊಲದಲ್ಲಿ ಮರೆ ಇಲ್ಲವೆಂದು ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಹತ್ತಿರ ನಿಲ್ಲುವವರು, ಗಿಣಿಗೇರಿ ಕಡೆ ಫರ್ನೇಸಿನ ಮುಂದೆ ಇರುವವರು, ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಇಸ್ತ್ರಿ ಹಿಡಿದವರು, ಎಲ್ಲರ ಬೆವರೂ ರಕ್ತದ ನೀರಿನಿಂದಲೇ ಬರುವುದು.

ಈ ಲೆಕ್ಕದಲ್ಲಿ ಒಂದು ಕಾರಣವೂ ಸಿಗದಿದ್ದರೆ, ಅಂದರೆ ನೆರಳಿನ ಕೆಲಸ, ಚೆನ್ನಾಗಿ ನೀರು, ಬೀಡಿ ಇಲ್ಲ, ಮಾತ್ರೆ ಇಲ್ಲ ಎಂದಾದರೆ, ಅದನ್ನೂ ಬರೆಯಿರಿ. ಅದು ಡಾಕ್ಟರಿಗೆ ಇನ್ನೂ ಮುಖ್ಯ.

## ಹಂತ 4: ಮೈಗೆ ನೀರು ತುಂಬಿಸಿ, ಆದರೆ ಕ್ರಮವಾಗಿ

ಇಲ್ಲಿ ಎರಡು ತರದ ತಪ್ಪು ನಡೆಯುತ್ತದೆ. ಒಂದು, ಪರೀಕ್ಷೆಗೆ ಹೊರಡುವ ಅರ್ಧ ಗಂಟೆ ಮೊದಲು ಎರಡು ಲೀಟರ್ ಗಟಗಟ ಕುಡಿಯುವುದು. ಅದರಲ್ಲಿ ಬಹುಪಾಲು ಮೂತ್ರವಾಗಿ ಹೋಗುತ್ತದೆ. ಇನ್ನೊಂದು, ಬೆವರಿನಲ್ಲಿ ಉಪ್ಪೂ ಹೋಗಿದೆ ಎಂಬುದನ್ನು ಮರೆತು ಬರೀ ನೀರು ಸುರಿದುಕೊಳ್ಳುವುದು.

ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಶುರು ಮಾಡಿ. ಮೂರು ಊಟ ಸರಿಯಾಗಿ ಮಾಡಿ, ಊಟದಲ್ಲಿ ಉಪ್ಪು ಎಂದಿನಷ್ಟು ಇರಲಿ. ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಿಸಿಲಲ್ಲಿ ಕೆಲಸವಿದ್ದರೆ 15–20 ನಿಮಿಷಕ್ಕೊಂದು ಲೋಟ ನೀರು. ಗಂಟೆಗೆ ಒಂದೂವರೆ ಲೀಟರ್ ದಾಟಬೇಡಿ, ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ. ಸಾಕಾಯಿತಾ ಎಂದು ತಿಳಿಯಲು ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತಿಳಿ ನಿಂಬೆ ಬಣ್ಣ ಇದ್ದರೆ ಸರಿ. ಬೆಲ್ಲದ ಪಾನಕದ ಬಣ್ಣ ಇದ್ದರೆ ಇನ್ನೂ ಬೇಕು.

ಬೇಧಿ, ವಾಂತಿ ಆಗಿದ್ದರೆ ಓಆರ್‌ಎಸ್. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಪೂರ್ತಿ ಒಂದು ಲೀಟರ್ ನೀರಿಗೆ ಅದು. ಸ್ವಲ್ಪ ಸ್ವಲ್ಪವೇ ಪುಡಿ ಲೋಟಕ್ಕೆ ಹಾಕಿಕೊಂಡು ಕಲಸಿದರೆ ಅಳತೆ ತಪ್ಪಿ ಬೇಧಿ ಜಾಸ್ತಿಯಾಗಬಹುದು. ಪುಡಿ ಸಿಗದಿದ್ದರೆ ಒಂದು ಲೀಟರಿಗೆ ಸಮತಟ್ಟಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದು ಕಾಯಿಲೆಯ ದಿನಕ್ಕೆ. ಬಿಪಿ, ಶುಗರ್ ಇರುವವರು ದಿನಾ ತಂಪು ಪಾನೀಯದಂತೆ ಕುಡಿಯುವುದಲ್ಲ.

ಎಚ್ಚರಿಕೆ: ಹೃದಯ ದುರ್ಬಲವಾಗಿದೆ, ಕಿಡ್ನಿ ತೊಂದರೆ ಇದೆ, ಕಾಲು ಊದುತ್ತದೆ, ‘ದಿನಕ್ಕೆ ಇಷ್ಟೇ ನೀರು’ ಎಂದು ಡಾಕ್ಟರ್ ಹೇಳಿದ್ದಾರೆ ಎಂದಾದರೆ ಈ ಹಂತ ನಿಮಗಲ್ಲ. ಅವರನ್ನು ಕೇಳದೆ ಒಂದು ಲೋಟವನ್ನೂ ಹೆಚ್ಚಿಸಬೇಡಿ.

## ಹಂತ 5: ಸರಿಯಾಗಿ ರಕ್ತ ಕೊಡಿ

ಲಕ್ಷಣ ಇಲ್ಲದವರು ಒಂದರಿಂದ ಎರಡು ವಾರದೊಳಗೆ ಮರುಪರೀಕ್ಷೆ ಮಾಡಿಸಬಹುದು. ದಿನ ಗೊತ್ತು ಮಾಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ. ಆದಷ್ಟೂ ಅದೇ ಲ್ಯಾಬು, ಬೆಳಗಿನ ಅದೇ ಹೊತ್ತು.

1. ಖಾಲಿ ಹೊಟ್ಟೆ ಬೇಡ. ಸಿಬಿಸಿಗೆ, ಅಂದರೆ ರಕ್ತಕಣ ಎಣಿಸುವ ಈ ಪರೀಕ್ಷೆಗೆ, ಉಪವಾಸ ಬೇಕಿಲ್ಲ. ಶುಗರ್ ಪರೀಕ್ಷೆ ಜೊತೆಗಿದ್ದರೆ ಊಟ ಬಿಡಿ, ನೀರು ಬಿಡಬೇಡಿ. ‘ಫಾಸ್ಟಿಂಗ್’ ಅಂದರೆ ನೀರನ್ನೂ ಮುಟ್ಟಬಾರದು ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಮ್ಮ ಲ್ಯಾಬಿಗೆ ಬರುವ ಸುಳ್ಳು ಲೆಕ್ಕಗಳಲ್ಲಿ ಅರ್ಧ ಅದರಿಂದಲೇ ಎಂದು ನನಗನ್ನಿಸುತ್ತದೆ.

2. ರಕ್ತ ಕೊಡುವ ಮೊದಲು 15–20 ನಿಮಿಷ ಕೂತಿರಿ. ನಿಂತಾಗ ರಕ್ತದ ನೀರು ಸ್ವಲ್ಪ ನಾಳದಿಂದ ಕಾಲಿನ ಮಾಂಸದೊಳಗೆ ಇಳಿಯುತ್ತದೆ, ಕಣಗಳು ನಾಳದಲ್ಲೇ ಉಳಿಯುತ್ತವೆ. ಸಾಲಿನಲ್ಲಿ ನಿಂತು ನೇರ ಬಂದು ಕೊಟ್ಟರೆ ಪಿಸಿವಿ ಮೇಲೆ ಬರುತ್ತದೆ. ಚೀಟಿ ಕೊಟ್ಟು ಬೆಂಚಿನ ಮೇಲೆ ಕೂತುಬಿಡಿ.

3. ಬೀಡಿ, ಸಿಗರೇಟು ಆ ಬೆಳಿಗ್ಗೆ ಬೇಡ. ಹಿಂದಿನ ಸಂಜೆ ಮದ್ಯವೂ ಬೇಡ.

4. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಒಂದು ನಿಮಿಷ ದಾಟಬಾರದು. ಪಟ್ಟಿ ಬಿಗಿದಾಗ ನೀರು ನಾಳದಿಂದ ಹೊರಗೆ ಒತ್ತಿ ಹೋಗುತ್ತದೆ, ಒಳಗಿನ ರಕ್ತ ಗಟ್ಟಿಯಾಗುತ್ತದೆ. ನಾನು ಕೆಲಸ ಕಲಿಯುತ್ತಿದ್ದಾಗ ಒಬ್ಬ ಅಜ್ಜನ ತೋಳಿಗೆ ಪಟ್ಟಿ ಕಟ್ಟಿ, ನರ ಸಿಗದೆ ತಡಕಾಡಿ, ನಡುವೆ ಬಂದ ಫೋನಿಗೂ ಉತ್ತರ ಕೊಟ್ಟು, ಮೂರ್ನಾಲ್ಕು ನಿಮಿಷದ ಮೇಲೆ ರಕ್ತ ಎಳೆದಿದ್ದೆ. ತೋಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಜ್ಜ ಪಾಪ ಏನೂ ಅನ್ನಲಿಲ್ಲ. ಹಿಮೋಗ್ಲೋಬಿನ್ ಹಿಂದಿನ ವಾರಕ್ಕಿಂತ ಒಂದು ಪಾಯಿಂಟ್ ಮೇಲೆ ಬಂದಾಗ ಸೀನಿಯರ್ ನನ್ನ ಮುಖ ನೋಡಿದರು, ಅಜ್ಜನನ್ನು ಮತ್ತೆ ಕೂರಿಸಿ ಇನ್ನೊಂದು ತೋಳಿನಿಂದ ತೆಗೆಸಿದರು. ನಿಮ್ಮ ತೋಳಿಗೂ ಹೀಗಾದರೆ ಮುಲಾಜಿಲ್ಲದೆ ಹೇಳಿ: ‘ಅಣ್ಣ, ಪಟ್ಟಿ ಬಿಚ್ಚಿ, ಸ್ವಲ್ಪ ತಡೆದು ಇನ್ನೊಂದು ಕೈಯಲ್ಲಿ ನೋಡ್ರಿ.’

5. ನೇರಳೆ ಮುಚ್ಚಳದ ಟ್ಯೂಬು ಗೆರೆಯವರೆಗೆ ತುಂಬಬೇಕು. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ಮದ್ದಿರುತ್ತದೆ. ತುಂಬಿದ ಕೂಡಲೇ ಮೆಲ್ಲಗೆ 8–10 ಸಲ ತಲೆಕೆಳಗು ಮಾಡಬೇಕು. ಲಟಲಟ ಅಲ್ಲಾಡಿಸಬಾರದು.

6. ಮನೆಗೆ ಬಂದು ರಕ್ತ ತೆಗೆಯುವವರಿದ್ದರೆ ತಂಪು ಪೆಟ್ಟಿಗೆ ಇದೆಯಾ ಕೇಳಿ. ಮೇ ತಿಂಗಳ ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ ತಾಸುಗಟ್ಟಲೆ ಸುತ್ತಿದ ಟ್ಯೂಬಿನಲ್ಲಿ ಕಣಗಳು ಊದಿಕೊಳ್ಳುತ್ತವೆ, ಪಿಸಿವಿ ಏರುತ್ತದೆ. ಸಾಧ್ಯವಿದ್ದರೆ ನೀವೇ ಲ್ಯಾಬಿಗೆ ಹೋಗಿ.

## ಹಂತ 6: ಹೊಸ ನಂಬರ್ ಓದಿ

ಸರಿಹೋಯಿತು. ನೀರಿನ ಕೊರತೆಯೋ ಸ್ಯಾಂಪಲ್ ತಪ್ಪೋ ಆಗಿತ್ತು. ಔಷಧಿ ಬೇಕಿಲ್ಲ. ಆದರೆ ಅದೇ ಕೆಲಸ, ಅದೇ ಬಿಸಿಲು ಮುಂದುವರಿದರೆ ನಂಬರೂ ಮರಳುತ್ತದೆ. ಕಿಡ್ನಿ ಕಲ್ಲಿಗೂ ಇದೇ ದಾರಿ.

ಇಳಿಯಿತು, ಆದರೆ ಇನ್ನೂ ಹಂತ 2ರಲ್ಲಿ ಹೇಳಿದ ಮಟ್ಟಕ್ಕಿಂತ ಮೇಲಿದೆ. ಹೆಚ್ಚಿನವರು ಇಲ್ಲಿ ನಿಲ್ಲುತ್ತಾರೆ. ಭಾವನೂ ಇಲ್ಲೇ ನಿಂತರು: 12 ದಿನದ ಮೇಲೆ 16.8, ಪಿಸಿವಿ 50. ಹಂತ 7ಕ್ಕೆ ಹೋಗಿ.

ಸ್ವಲ್ಪವೂ ಅಲುಗಲಿಲ್ಲ, ಅಥವಾ ಏರಿತು. ನೇರ ಹಂತ 8. ಬಿಸಿನೀರಿನ ಸ್ನಾನದ ಮೇಲೆ ಮೈಯೆಲ್ಲ ತುರಿಸುವುದು, ಬೆರಳ ತುದಿ ಕೆಂಪಾಗಿ ಉರಿಯುವುದು, ಎಡ ಪಕ್ಕೆಲುಬಿನ ಕೆಳಗೆ ತುಂಬಿದಂತಾಗುವುದು, ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಕೂಡ ಜಾಸ್ತಿ ಇರುವುದು ಕಂಡರೆ ಅದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಸ್ನಾನದ ತುರಿಕೆಯನ್ನು ಯಾರೂ ರಕ್ತಕ್ಕೆ ಜೋಡಿಸುವುದಿಲ್ಲ. ಸೋಪು ಬದಲಿಸಿ ಸುಮ್ನಾಗುತ್ತಾರೆ.

## ಹಂತ 7: ನಂಬರನ್ನು ಮೇಲೆ ಹಿಡಿದಿರುವುದು ಯಾವುದು, ಹುಡುಕಿ

ಹೊಗೆ. ಮೊದಲು ಇದೇ. ಬೀಡಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಅಂಟಿದ ಜಾಗದಲ್ಲಿ ಆಮ್ಲಜನಕ ಕೂರುವುದಿಲ್ಲ. ಮೈ ಕೊರತೆ ತುಂಬಿಸಲು ಇನ್ನಷ್ಟು ಕಣ ಮಾಡುತ್ತದೆ. ಮೇಲೆ ಧೂಮಪಾನ ಪ್ಲಾಸ್ಮಾವನ್ನೂ ಇಳಿಸುತ್ತದೆ. ಎರಡೂ ಕಡೆಯಿಂದ ಹೊಡೆತ.

ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದಕ್ಕೆ ಆಮ್ಲಜನಕ ಹೊತ್ತ ಕಣಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ಕಣಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೀಡಿ ಸೇದಿದವನ ಬೆರಳಿಗೆ ಹಾಕಿದರೂ 98 ತೋರಿಸುತ್ತದೆ. ಭಾವ ಅದನ್ನೇ ತೋರಿಸಿ ‘ನೋಡು, ನನಗೇನೂ ಆಗಿಲ್ಲ’ ಎಂದರು. ಗುಟ್ಕಾದಲ್ಲಿ ಹೊಗೆ ಇಲ್ಲ, ಹಾಗಾಗಿ ಈ ಲೆಕ್ಕಕ್ಕೆ ಅದು ಬರುವುದಿಲ್ಲ. ಅದರ ಕೇಡು ಬಾಯಿಗೆ ಬೇರೆ ಇದೆ.

ಬಿಡಲು ಕಷ್ಟವಾದರೆ 1800-11-2356ಕ್ಕೆ ಫೋನ್ ಮಾಡಬಹುದು. ತಂಬಾಕು ಬಿಡಿಸಲೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ, ಕಾಸು ಬೀಳುವುದಿಲ್ಲ. ‘ಕಡಿಮೆ ಮಾಡಿದ್ದೀನಿ’ ಎನ್ನುವವರ ರಿಪೋರ್ಟು ಸಾಮಾನ್ಯವಾಗಿ ಕಡಿಮೆಯಾಗಿರುವುದಿಲ್ಲ. ಎರಡು ಕಡಿಮೆ ಸೇದಿ, ಇದ್ದದ್ದನ್ನು ಆಳಕ್ಕೆ ಎಳೆಯುತ್ತಾರೆ.

ಉಕ್ಕಿನ ಕಾರ್ಖಾನೆಯಲ್ಲಿ ಬ್ಲಾಸ್ಟ್ ಫರ್ನೇಸ್ ಕಡೆ ಕೆಲಸ ಮಾಡುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಆ ಗ್ಯಾಸಿನಲ್ಲೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಬಿಪಿ ಮಾತ್ರೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ಪ್ಲಾಸ್ಮಾ ಇಳಿಸುತ್ತವೆ. ಪಟ್ಟಿಯ ಹಿಂಭಾಗದಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದೆಯಾ ನೋಡಿ. ಎಷ್ಟೋ ಸಲ ಬೇರೆ ಬಿಪಿ ಮಾತ್ರೆಯ ಜೊತೆಗೇ ಒಂದೇ ಗುಳಿಗೆಯಲ್ಲಿ ಸೇರಿರುತ್ತದೆ. ಸಿಕ್ಕರೆ ಡಾಕ್ಟರಿಗೆ ತೋರಿಸಿ, ಬೇರೆಯದಕ್ಕೆ ಬದಲಿಸಬಹುದು. ನೀವಾಗಿ ನಿಲ್ಲಿಸಬೇಡಿ. ಏರಿದ ಬಿಪಿ ಏರಿದ ಪಿಸಿವಿಗಿಂತ ಬೇಗ ಪಾರ್ಶ್ವವಾಯು ತರುತ್ತದೆ.

ಶುಗರ್ ಮಾತ್ರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರದವು ಪಿಸಿವಿಯನ್ನು ಕೆಲವು ಪಾಯಿಂಟ್ ಏರಿಸುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆ ಅದು. ಹೆದರಿ ಬಿಡಬೇಡಿ, ತಿಳಿಸಿ ಅಷ್ಟೇ.

ಮದ್ಯ, ತೂಕ, ಬಿಪಿ. ಅಪರೆಂಟ್ ಪಾಲಿಸೈಥೀಮಿಯಾ ಇರುವವರಲ್ಲಿ ಈ ಮೂರೂ ಕೈಹಿಡಿದುಕೊಂಡೇ ಬರುತ್ತವೆ: ಹೊಟ್ಟೆ ಮುಂದೆ ಬಂದ, ಬಿಪಿ ಇರುವ, ಸಂಜೆ ಕುಡಿಯುವ ನಡುವಯಸ್ಸಿನ ಗಂಡಸು. ಚಿಕಿತ್ಸೆ ಅಂದರೆ ಇವನ್ನು ಇಳಿಸುವುದೇ. ಬೇರೆ ಮಾತ್ರೆ ಇಲ್ಲ.

ಗೊರಕೆ. ನಿದ್ದೆಯಲ್ಲಿ ಗೊರಕೆ ನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುತ್ತದಾ? ಇದನ್ನು ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ರಾತ್ರಿಯ ಆಮ್ಲಜನಕ ಕೊರತೆಯೂ ಕಣ ಹೆಚ್ಚಿಸಬಲ್ಲದು.

ಜಿಮ್ ಇಂಜೆಕ್ಷನ್. ಟೆಸ್ಟೋಸ್ಟಿರಾನ್ ಕಣಗಳನ್ನು ನಿಜವಾಗಿಯೇ ಹೆಚ್ಚಿಸುತ್ತದೆ. ಇಪ್ಪತ್ತೈದರ ಹುಡುಗನಿಗೆ ಪಿಸಿವಿ 55 ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಅದೇ. ಅಪ್ಪ ಪಕ್ಕದಲ್ಲಿದ್ದರೆ ಅಪ್ಪನನ್ನು ಬಿಲ್ ಕಟ್ಟಲು ಕಳಿಸಿ ಕೇಳುತ್ತೇನೆ.

ದೂಳು. ಹಟ್ಟಿಯ ಗಣಿಯೊಳಗೆ ಅಥವಾ ಕಲ್ಲು ಕ್ವಾರಿ, ಕ್ರಷರಿನಲ್ಲಿ ವರ್ಷಗಟ್ಟಲೆ ದುಡಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಶ್ವಾಸಕೋಶ ಪರೀಕ್ಷೆ ಬೇಕು. ಸೇದದವರ ಆಕ್ಸಿಮೀಟರ್ ಮತ್ತೆ ಮತ್ತೆ 92ಕ್ಕಿಂತ ಕೆಳಗೆ ತೋರಿಸಿದರೆ ಕಾರಣ ಅಲ್ಲೇ ಇರಬಹುದು.

## ಹಂತ 8: ಡಾಕ್ಟರ್ ಬಳಿ ಏನು ಒಯ್ಯಬೇಕು, ಏನು ನಡೆಯುತ್ತದೆ

ಮೊದಲು ಜನರಲ್ ಮೆಡಿಸಿನ್ ಡಾಕ್ಟರ್ ಸಾಕು. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರರಲ್ಲೂ ಆ ವಿಭಾಗ ಇದೆ. ನೋಟ್‌ಬುಕ್, ಎರಡೂ ರಿಪೋರ್ಟು, ಮಾತ್ರೆ ಪಟ್ಟಿಗಳನ್ನು ಮೇಜಿನ ಮೇಲಿಡಿ. ಐದು ನಿಮಿಷ ಸಿಗುವ ಕಡೆ ಇದೇ ನಿಮ್ಮ ಪರವಾಗಿ ಮಾತಾಡುತ್ತದೆ.

ಆಮೇಲೆ ಸಾಮಾನ್ಯವಾಗಿ ಆಮ್ಲಜನಕದ ಮಟ್ಟ, ಎದೆಯ ಎಕ್ಸ್‌ರೇ, ಕಿಡ್ನಿ ಮತ್ತು ಲಿವರ್ ಪರೀಕ್ಷೆ, ಹೊಟ್ಟೆ ಸ್ಕ್ಯಾನಿಂಗ್. ಅನುಮಾನ ಉಳಿದರೆ ಎರಡು ವಿಶೇಷ ಪರೀಕ್ಷೆ. ಒಂದು ಎರಿಥ್ರೋಪೊಯೆಟಿನ್: ಕಣ ಮಾಡಲು ಕಿಡ್ನಿ ಕಳಿಸುವ ಹಾರ್ಮೋನು. ಇನ್ನೊಂದು ಜಾಕ್ 2 ಜೀನ್ ಪರೀಕ್ಷೆ. ಹಾರ್ಮೋನು ಜಾಸ್ತಿ ಇದ್ದರೆ ಶ್ವಾಸಕೋಶ, ಹೃದಯ, ಕಿಡ್ನಿ ಕಡೆ ಹುಡುಕುತ್ತಾರೆ. ಕಡಿಮೆ ಇದ್ದು ಜಾಕ್ 2 ಬದಲಾವಣೆ ಸಿಕ್ಕರೆ ಪಾಲಿಸೈಥೀಮಿಯಾ ವೆರಾ, ಅಂದರೆ ಮೂಳೆ ಮಜ್ಜೆ ತಾನಾಗಿಯೇ ಕಣ ಹೆಚ್ಚಿಸುವ ಕಾಯಿಲೆ. ಆ ಕಾಯಿಲೆ ಇರುವ ನೂರರಲ್ಲಿ ಸುಮಾರು 95 ಜನರಲ್ಲಿ ಈ ಬದಲಾವಣೆ ಸಿಗುತ್ತದೆ. ಆಗ ರಕ್ತರೋಗ ತಜ್ಞರೇ ನೋಡಬೇಕು. ರಕ್ತ ತೆಗೆದು ಪಿಸಿವಿಯನ್ನು 45ರ ಕೆಳಗೆ ಹಿಡಿಯುವುದು, ಸಣ್ಣ ಪ್ರಮಾಣದ ಆಸ್ಪಿರಿನ್, ಕೆಲವರಿಗೆ ಕಣ ಹುಟ್ಟುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ. ಅಪರೆಂಟ್ ಆದವರಿಗೆ ಸಾಮಾನ್ಯವಾಗಿ ರಕ್ತ ತೆಗೆಯುವುದಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಪಿಸಿವಿ ತುಂಬಾ ಮೇಲೇ ನಿಂತುಬಿಟ್ಟರೆ ಮಾತ್ರ ಯೋಚಿಸುತ್ತಾರೆ.

## ಹಂತ 9: ನಡುವೆ ಇವನ್ನು ಮಾಡಬೇಡಿ

‘ರಕ್ತದಾನ ಮಾಡಿಬಿಡ್ತೀನಿ, ಇಳಿಯುತ್ತೆ.’ ಇದನ್ನು ವಾರಕ್ಕೊಬ್ಬರಾದರೂ ಹೇಳುತ್ತಾರೆ. ಕಾರಣ ತಿಳಿಯದೆ ದಾನ ಮಾಡಿದರೆ ನಂಬರ್ ಕೆಲವು ದಿನ ಇಳಿದು ಕಾಯಿಲೆ ಮುಚ್ಚಿಹೋಗುತ್ತದೆ. ನೀರು ಕಡಿಮೆ ಇರುವ ಮೈಯಿಂದ 350 ಮಿಲಿ ತೆಗೆದರೆ ಅಲ್ಲೇ ತಲೆಸುತ್ತಿ ಬೀಳುವುದೂ ಉಂಟು. ದಾನ ಒಳ್ಳೆಯದೇ, ಡಾಕ್ಟರ್ ಸರಿ ಎಂದ ಮೇಲೆ ಮಾಡಿ.

ಮೆಡಿಕಲ್ ಶಾಪಿನ ಆಸ್ಪಿರಿನ್. ‘ರಕ್ತ ತೆಳ್ಳಗಾಗಲಿ’ ಎಂದು ತಾವೇ ತಂದು ನುಂಗುವವರಿದ್ದಾರೆ. ಅದು ಕಣ ಕಡಿಮೆ ಮಾಡುವುದಿಲ್ಲ, ಪ್ಲಾಸ್ಮಾ ಹೆಚ್ಚಿಸುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಿದ್ದರೆ ರಕ್ತ ಸೋರಿಸುತ್ತದೆ.

ಸೊಪ್ಪು, ಕಾಳು ಬಿಡುವುದು. ಪುಂಡಿಪಲ್ಯ ತಿಂದು ಯಾರಿಗೂ ಪಿಸಿವಿ 54 ಆಗಿಲ್ಲ. ಶಕ್ತಿಗೆಂದು ಕುಡಿಯುತ್ತಿರುವ ಕಬ್ಬಿಣದ ಟಾನಿಕ್ ಇದ್ದರೆ ಮಾತ್ರ, ಬೇಕಾ ಬೇಡವಾ ಎಂದು ಡಾಕ್ಟರನ್ನು ಕೇಳಿ.

## ಹಂತ 10: ಮುಂದಿನ ಮೂರು ತಿಂಗಳು

ಕಾರಣ ಸಿಕ್ಕಿ ಸರಿಮಾಡಲು ಶುರು ಮಾಡಿದವರು ಡಾಕ್ಟರ್ ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ, ಮತ್ತೆ ಸಿಬಿಸಿ ಮಾಡಿಸಿ. ಹಂತ 5ರ ಆರೂ ನಿಯಮ ಮತ್ತೆ ಪಾಲಿಸಿ. ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ ಐದು ವಿಷಯ: ತಾರೀಖು, ಹಿಮೋಗ್ಲೋಬಿನ್, ಪಿಸಿವಿ, ಬಿಪಿ, ದಿನಕ್ಕೆ ಎಷ್ಟು ಬೀಡಿ. ಐದನೇದನ್ನು ಬಿಟ್ಟು ಬರೆಯುವವರೇ ಜಾಸ್ತಿ.

ಭಾವನ ನೋಟ್‌ಬುಕ್ಕಿನಲ್ಲಿ ಈಗ ನಾಲ್ಕು ಸಾಲಿದೆ. ಮೇ ತಿಂಗಳಲ್ಲಿ 54, ಅದೇ ತಿಂಗಳ ಕೊನೆಗೆ 50, ಆಗಸ್ಟಿನಲ್ಲಿ 49, ನವೆಂಬರಿನಲ್ಲಿ 47. ಬೀಡಿಯ ಕಾಲಂನಲ್ಲಿ ಕಟ್ಟು, ಕಟ್ಟು, ಆರು, ಸೊನ್ನೆ. ಸೊನ್ನೆಯ ಪಕ್ಕ ಅಕ್ಕ ಬೇರೆ ಇಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಲಾರಿಯಲ್ಲಿ ಈಗ ಐದು ಲೀಟರಿನ ಕ್ಯಾನು ಇದೆ, ಮತ್ತು ಸಾಲಿನಲ್ಲಿ ಗಾಡಿ ನೋಡಿಕೊಳ್ಳಲು ಹಿಂದಿನ ಲಾರಿಯ ಕ್ಲೀನರ್ ಜೊತೆ ಒಪ್ಪಂದ: ನೀನು ಇಳಿದಾಗ ನಾನು, ನಾನು ಇಳಿದಾಗ ನೀನು.